ತಟ್ಟಿ ನೋಡು

ಹಳೆ ಚಿಪ್ಪು ಇನ್ನು ಬರುವುದಿಲ್ಲವಂತೆ.
ಕುಲುಮೆ ಕಾಯುವ ಪೆಟ್ಟಿಗೆಗೆ ಹೊಸ ಬೋರ್ಡು,
ಅಂಗೈಯಗಲದ್ದು, ಮಾಚೇನಹಳ್ಳಿಯ ಶೆಡ್ಡಿಗೆ ಕೊರಿಯರಿನಲ್ಲಿ ಬಂತು.
ಹಳೆಯದರ ಜೀವ ಇದಕ್ಕೆ ದಾಟಬೇಕು:
ನಾನು, ರುಬೀನಾ, ಒಂದು ಸೀರಿಯಲ್ ಕೇಬಲ್ಲು.

ಮೊದಲು ದೊಡ್ಡ ಕರ್ನಲ್ಲು.
ಡಿಸ್ಕು, ಗಡಿಯಾರ, ನೆಟ್‌ವರ್ಕು, ಉಷ್ಣಮಾಪಕ
ಎಲ್ಲ ಒಂದೇ ಮೂಸೆಯಲ್ಲಿ ಕರಗಿದ್ದು.
ಯಾರೋ ಎಲ್ಲೋ ಬರೆದಿಟ್ಟ ಡ್ರೈವರುಗಳು,
ಕೇಳಿದ್ದೆಲ್ಲ ಸಿಗುತ್ತದೆ,
ಕೇಳದ್ದೂ.
ಹತ್ತನೆಯ ದಿನ ಓಡಿತು. ಹನ್ನೊಂದರ ರಾತ್ರಿ
ಉಷ್ಣಮಾಪಕದ ಡ್ರೈವರು ತನ್ನದಲ್ಲದ ಮೆಮೊರಿಗೆ ಕೈ ಹಾಕಿ
ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಸತ್ತಿತು.

ಹಾಗಾದರೆ ಸಣ್ಣದು, ಅಂದಳು ರುಬೀನಾ.
ನಡುವೆ ಹಿಡಿಯಷ್ಟು ಕರ್ನಲ್ಲು, ಉಳಿದವರೆಲ್ಲ ಹೊರಗೆ,
ಅವರವರ ಗೋಡೆ, ಅವರವರ ಬಾಗಿಲು.
ಮೂರೇ ದಿನಕ್ಕೆ ದಾಟಿತು. ಬೋಂಡಾ ತರಿಸಿದೆವು.
ಒಂದು ಡ್ರೈವರನ್ನು ಬೇಕೆಂದೇ ಕೊಂದೆವು;
ಕಣ್ಣುಜ್ಜಿಕೊಂಡು ಎದ್ದು ಕೂತಿತು.
ಉಳಿದವನ್ನು ಯಾರು ಬರೆದಿದ್ದಾರೆ?
ಯಾರೂ ಇಲ್ಲ. ನಾವೇ. ಎರಡು ತಿಂಗಳು.
ಮೇಲಾಗಿ ಪ್ರತಿ ಅಂಕಿಯೂ ಚೀಟಿ ಹಿಡಿದು
ಬಾಗಿಲಿಂದ ಬಾಗಿಲಿಗೆ ಅಲೆಯುವುದು ಕಂಡು
ತಾಲ್ಲೂಕು ಕಚೇರಿ ನೆನಪಾಯಿತು ನನಗೆ.
ಸುರುಳಿಯ ಕರೆಂಟು ಸೆಕೆಂಡಿಗೆ ಸಾವಿರ ಸಲ ಕೇಳುತ್ತದೆ,
ನಾಳೆ ಬಾ ಎಂದರೆ ಕೇಳುವ ಜಾತಿಯಲ್ಲ.

ಅಚ್ಚಿನ ಮರಳು ಜರಡಿ ಹಿಡಿಯುತ್ತಿದ್ದ ಹಾಲೇಶಪ್ಪನವರು
ಪೂರ್ತಿ ಕೇಳಿಸಿಕೊಂಡರು.
‘ಒಂದೇ ಎರಕದ್ದು ಸೋರಲ್ಲ ಕಣಮ್ಮ, ಜೋಡೇ ಇಲ್ವಲ್ಲ.
ಒಳಗೊಂದು ಗಾಳಿಗುಳ್ಳೆ ಉಳೀತೋ,
ಪೂರಾ ಪಂಪು ವಾಪಸ್ ಕುಲುಮೆಗೆ.
ಬೋಲ್ಟು ಹಾಕಿದ್ದು ಬಿಚ್ಬೋದು,
ಸೋರೋದೆಲ್ಲ ಬೋಲ್ಟಿನ ಹತ್ರಾನೇ.’
ಹಾಗಾದರೆ ಯಾವುದು?
‘ಗಿರಾಕಿ ಎಷ್ಟು ದಿನ ಕೊಟ್ಟವ್ನೆ?’

ಹತ್ತೊಂಬತ್ತು.

ದೊಡ್ಡದನ್ನೇ ಇಟ್ಟುಕೊಂಡೆವು. ಆ ಉಷ್ಣಮಾಪಕವನ್ನು ಮಾತ್ರ
ಹೊರಗೆ ಕೂರಿಸಿದೆವು, ಒಂದು ಗೋಡೆ ಕಟ್ಟಿ, ಒಂದು ಬಾಗಿಲಿಟ್ಟು.
ಅತ್ತಲೂ ಅಲ್ಲ, ಇತ್ತಲೂ ಅಲ್ಲ.
ಪರೀಕ್ಷೆಯಲ್ಲಿ ಬರೆದಿದ್ದರೆ ಅಂಕ ಕಳೆಯುತ್ತಿದ್ದರು.

ಆಚೆ ಹಾಲೇಶಪ್ಪನವರು ಎರಕಗಳನ್ನು ಒಂದೊಂದಾಗಿ
ಸುತ್ತಿಗೆಯಿಂದ ತಟ್ಟಿ, ಕಿವಿ ವಾಲಿಸಿ
ಟಣ್ ಅಂದದ್ದು ಬಲಕ್ಕೆ, ದಬ್ ಅಂದದ್ದು ಎಡಕ್ಕೆ.
ಬೆರಳ ಗೆಣ್ಣಿಂದ ನಾನೂ ಬೋರ್ಡು ತಟ್ಟಿದೆ. ರುಬೀನಾ ನಕ್ಕಳು.

ಪರದೆಯಲ್ಲಿ ಸಾವಿರದ ನಾನೂರ ಒಂಬತ್ತು.
ಹತ್ತು. ಹನ್ನೊಂದು.
ಹನ್ನೊಂದು.
ಹನ್ನೊಂದೇ.
ಹದಕ್ಕೆ ನಿಂತಿತೋ, ಉಸಿರು ನಿಂತಿತೋ
ಇಬ್ಬರೂ ಬಗ್ಗಿದೆವು.