ಎರಡು ನಿಮಿಷ

ಬಾಯ್ಲರ್ ಕೆಟ್ಟು ಮೂರನೇ ದಿನ.
ಗ್ರಿಮ್ಸ್‌ಬಿಯ ಗಾಳಿಗೆ ಬಾಗಿಲ ಸಂದು ಸಾಕು,
ಕೋಟು ತೊಟ್ಟೇ ಅನ್ನಕ್ಕಿಟ್ಟಿದ್ದೆ.
ರಿಪೇರಿಯ ಥ್ರೆಲ್‌ಫಾಲ್ ಮುದುಕ
ವ್ಯಾನಿನ ಬಾಗಿಲು ತೆರೆಯುತ್ತಿದ್ದಂತೆ
ಎಲ್ಲಿದ್ದನೋ, ಸೈಕಲ್ಲಿಳಿದು ನಿಂತ ಹುಡುಗ.

ಹದಿನೇಳಿರಬೇಕು. ಹೆಸರು ರೀಸ್.
ಕಾಲೇಜಿನ ಬೆಂಚಿನ ಮೇಲೆ ತಾನೇ ಬಾಗಿಸಿದ
ತಾಮ್ರದ ಕೊಳವೆಯನ್ನು ಟವಲಿನಲ್ಲಿ ಸುತ್ತಿ ತಂದಿದ್ದ,
ಹಸುಗೂಸಿನ ಹಾಗೆ.
'ಸಂಬಳ ಬೇಡ ಸರ್, ಜೊತೆಗಿಟ್ಟುಕೊಳ್ಳಿ.
ನಿಜವಾದ ಮನೆಗಳಲ್ಲಿ ಕೆಲಸ ಮಾಡದೆ
ಸರ್ಟಿಫಿಕೇಟ್ ಕೊಡುವುದಿಲ್ಲ.'
ಸರ್ಟಿಫಿಕೇಟ್ ಇಲ್ಲದವನನ್ನು ಒಳಗೆ ಬಿಡುವವರಾರು?
ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡದು.
ನನ್ನಜ್ಜಿ ಈ ಊರಿಗೂ ಬಂದುಹೋಗಿದ್ದಳೇ?

ಇಪ್ಪತ್ಮೂರು ಕಡೆ ಕೇಳಿದ್ದನಂತೆ.
ಒಬ್ಬ ಇನ್ಶೂರೆನ್ಸ್ ಅಂದ, ಒಬ್ಬ ಮಗನಿದ್ದಾನೆ ಅಂದ,
ಉಳಿದವರು ಫೋನೇ ಎತ್ತಲಿಲ್ಲ.

ಮುದುಕ ಕೊಳವೆಯನ್ನು ಬೆಳಕಿಗೆ ಹಿಡಿದ.
ಬಾಗಿದಲ್ಲಿ ಬೆರಳಾಡಿಸಿ, 'ಸುಕ್ಕಿದೆ,' ಎಂದ.
ಹುಡುಗನ ಕಿವಿ ಕೆಂಪಾಯಿತು.
'ಬಾ. ಬೂಟು ಬಿಚ್ಚು. ಏನನ್ನೂ ಮುಟ್ಟಬೇಡ.'

ಮೀಟರಿನ ಪಕ್ಕ, ಸಪೂರ ನಳಿಗೆಯಲ್ಲಿ ನೀರು ಏರಿ ನಿಂತಿತ್ತು.
ಎಲ್ಲಾದರೂ ಗ್ಯಾಸ್ ಸೋರಿದರೆ ಅದು ಇಳಿಯುತ್ತದೆ.
ಎರಡು ನಿಮಿಷ ನೋಡುತ್ತಿರಬೇಕು, ಅಷ್ಟೇ ಕೆಲಸ.
ಮಂಡಿಯೂರಿ ಕೂತ.
ತನ್ನ ಉಸಿರು ತಾಗಿ ಇಳಿದೀತೇನೋ ಎಂಬಂತೆ
ಬಾಯಿಗೆ ಕೈ ಅಡ್ಡ ಹಿಡಿದಿದ್ದ.
ಕರೆಂಟ್ ಒಲೆಯ ಮೇಲೆ ಕುಕ್ಕರ್ ಕೂಗಿದಾಗ
ಬೆಚ್ಚಿದ್ದು ನಾನು, ಅವನಲ್ಲ.

'ಇಳಿಯಲಿಲ್ಲ,' ಎಂದ ಕೊನೆಗೆ.

ಮುದುಕ ಮಾತಾಡಲಿಲ್ಲ.
ಹಾಳೆಯಲ್ಲಿ ಅಂಕಿ ಬರೆದ, ತಾರೀಖು ಬರೆದ,
ಸಹಿ ಹಾಕುವ ಮುನ್ನ ಪೆನ್ನು ತಡೆದು
ತಲೆಯೆತ್ತದೆ ಕೇಳಿದ:
'ರೀಸ್ ಅಂದರೆ,
ಸ್ಪೆಲ್ಲಿಂಗ್ ಏನು?'