ಷರಾ

"ಸೇವೆ ಮುಂದುವರಿಸಲು ಕಾರಣ. ಮುನ್ನೂರು ಅಕ್ಷರ ಮೀರದಂತೆ."
ಡಬ್ಬಿಯೊಳಗೆ ಕರ್ಸರ್ ಮಿಟುಕುತ್ತಿದೆ.
ಎದುರಿಗೆ ಕೂತು ನಾನೂ.
ಶುಕ್ರವಾರದೊಳಗೆ ಕಳಿಸಬೇಕು.

ಹೆಸರು: ಯಾದ್ವಿಗಾ. ವಯಸ್ಸು: ಅರವತ್ಮೂರು.
ವಿಭಾಗ: ಉಪಕರಣ ಶುದ್ಧೀಕರಣ, ನೆಲಮಾಳಿಗೆ.
ಗ್ದಿನ್ಯಾದ ಈ ಆಸ್ಪತ್ರೆಯ ಕಿಟಕಿಗಳಿಂದ
ಸಮುದ್ರ ಕಾಣುತ್ತದಂತೆ. ನಮಗೆ ಕಾಣುವುದು ಹಬೆ.

ವೇಗ: ಗಂಟೆಗೆ ಆರು ತಟ್ಟೆ.
ಸೊಲೊಮಿಯಾ ಹತ್ತು ಮುಗಿಸುತ್ತಾಳೆ.
ರಜೆ: ಹನ್ನೊಂದು ದಿನ, ಮಂಡಿಯ ದೆಸೆಯಿಂದ.
ಸಂಬಳ: ಇಬ್ಬರು ಹೊಸಬರದ್ದಕ್ಕಿಂತ ಒಂದಿಷ್ಟೇ ಕಡಿಮೆ.
ಹೊಸ ಸ್ಕ್ಯಾನರಿನ ಕಡೆ ಆಕೆ ಇವತ್ತಿಗೂ
ಗುರುತಿಲ್ಲದ ನಾಯಿಗೆ ಕೈ ಚಾಚುವಂತೆ ಚಾಚುತ್ತಾಳೆ.
ಸುಳ್ಳು ಬರೆಯಲಾರೆ.
ವರ್ಷದಲ್ಲಿ ತಪ್ಪುಗಳು: ಒಂದು.

ಆ ಒಂದು.

ಫೆಬ್ರವರಿ, ರಾತ್ರಿ ಎರಡೂಮುಕ್ಕಾಲು.
ಮೂರನೇ ಥಿಯೇಟರಿನಿಂದ ಇಳಿದ ತಟ್ಟೆ.
ಪಟ್ಟಿಯಲ್ಲಿ ನಲವತ್ತೆರಡು, ತಟ್ಟೆಯಲ್ಲಿ ನಲವತ್ತೊಂದು.
ಎಣಿಸಿದವಳು ಸೊಲೊಮಿಯಾ, ತೆರ್ನೋಪಿಲ್ ಕಡೆಯ ಹುಡುಗಿ,
ಮೂರು ತಿಂಗಳ ಕರಾರು, ಅದರಲ್ಲಿ ಒಂಬತ್ತು ದಿನ ಬಾಕಿ.
ಮತ್ತೆ ಎಣಿಸಿದಳು. ಮತ್ತೆ.
ಎಲ್ಲ ಸರಿಯಿದೆಯೆಂದು ಮೇಲಿನವರ ಸಹಿ ಬಿದ್ದಿತ್ತು.
ಆ ಸಹಿಯ ಮುಂದೆ ಅವಳಿಗೆ
ತನ್ನ ಬೆರಳುಗಳ ಮೇಲೇ ಅನುಮಾನ ಬಂತು.
ಪಕ್ಕದ ಕಪಾಟಿನಲ್ಲಿ ಅದೇ ಅಳತೆಯ ಇಕ್ಕಳ ಡಜನ್ನುಗಟ್ಟಲೆ.
ಒಂದನ್ನೆತ್ತಿ ಇಟ್ಟರೆ ನಲವತ್ತೆರಡು.
ಯಾರಿಗೆ ಗೊತ್ತಾಗಬೇಕು?

ಅವಳ ಜಾಗದಲ್ಲಿ ನಾನಿದ್ದಿದ್ದರೆ?
ಆ ಪ್ರಶ್ನೆಗೆ ಫಾರಮ್ಮಿನಲ್ಲಿ ಕಾಲಂ ಇಲ್ಲ, ಪುಣ್ಯ.

ಯಾದ್ವಿಗಾ ಕುಂಟುತ್ತ ಬಂದಳು.
ಒಮ್ಮೆ ಎಣಿಸಿದಳು, ಒಂದೇ ಒಮ್ಮೆ,
ಬಟಾಣಿ ಸುಲಿಯುವವಳ ಹಾಗೆ.
ಕೈಗವಸು ಕಳಚಿ ಫೋನೆತ್ತಿದಳು.

ಮೇಲೆ ರೋಗಿಯನ್ನು ಎಕ್ಸ್‌ರೇಗೆ ತಳ್ಳಿಕೊಂಡು ಹೋದರು.
ಅರ್ಧ ದಾರಿ ಮುಟ್ಟಿದ್ದ ಡಾಕ್ಟರ್ ವಿಲ್ಚೆಕ್
ಹಿಮದಲ್ಲಿ ಕಾರು ತಿರುಗಿಸಿಕೊಂಡು ಬಂದರು.
ಹೊಟ್ಟೆಯಲ್ಲಿ ಏನೂ ಇರಲಿಲ್ಲ.
ಇಕ್ಕಳ ಸಿಕ್ಕಿದ್ದು ಬೆಳಗಿನ ಐದಕ್ಕೆ,
ಒಗೆಯಲು ಹಾಕಿದ್ದ ಹಸಿರು ಬಟ್ಟೆಯ ಮಡಿಕೆಯಲ್ಲಿ,
ಮಗು ಬಚ್ಚಿಟ್ಟ ಮಿಠಾಯಿಯ ಹಾಗೆ.

ವಿಲ್ಚೆಕ್ ನೆಲಮಾಳಿಗೆ ನೋಡಿದ್ದು ಅವತ್ತೇ ಮೊದಲು.
ಏನೇನಂದರೋ, ಬರೆಯುವುದು ಬೇಡ.
"ಮುದುಕಿ" ಅನ್ನುವುದೇ ಅದರಲ್ಲಿ ಮೆತ್ತಗಿನ ಮಾತು.
ಆಕೆ ಕೇಳಿಸಿಕೊಂಡಳು,
ತಡವಾದ ಟ್ರಾಲಿಬಸ್ಸಿಗೆ ಕಾಯುವವರ ಮುಖ ಮಾಡಿಕೊಂಡು.
ಅವರು ಮೆಟ್ಟಿಲು ಹತ್ತಿ ಮರೆಯಾದ ಮೇಲೆ
ಹುಡುಗಿಯ ಕಡೆ ತಿರುಗಿ ಅಂದಳು:
"ಬೈಸಿಕೊಳ್ಳೋದೂ ಒಂದು ಕಸುಬು ಕಣೇ.
ನಿನಗಿನ್ನೂ ಕೈ ಕೂತಿಲ್ಲ.
ಅಲ್ಲೀತನಕ ಫೋನು ನಾನು ಮಾಡ್ತೀನಿ."

ದಾಖಲಾಗಿದೆ. ಅನಗತ್ಯ ಕರೆ. ಅನಗತ್ಯ ಎಕ್ಸ್‌ರೇ.
ಖರ್ಚಿನ ಬಾಬ್ತು ಹಿಂದಿನ ಪುಟದಲ್ಲಿ.
ಕೆಳಗೆ ಸಹಿ ನನ್ನದೇ.

ಜೂನಿನಲ್ಲಿ ಒಂದು ರಾತ್ರಿ, ಯಾದ್ವಿಗಾ ರಜೆ, ಅದೇ ಮಂಡಿ,
ನಾಲ್ಕನೇ ಥಿಯೇಟರಿನ ಫೋನು ರಿಂಗಾಯಿತು.
ತಡವರಿಸುವ ಪೋಲಿಷ್‌ನಲ್ಲಿ ಒಂದು ಎಳೆ ದನಿ:
ಒಂದು ಕಡಿಮೆ ಇದೆ, ದಯವಿಟ್ಟು ಹೊಲಿಯಬೇಡಿ.
ಅದು ಮೇಜಿನ ಕಾಲ ಬಳಿಯೇ ಬಿದ್ದಿತ್ತು.
ಮತ್ತೆ ಅನಗತ್ಯ ಕರೆ.
ಮತ್ತೆ ಚೆನ್ನಾಗಿ ಬೈದರಂತೆ.
ಸೊಲೊಮಿಯಾ ನಿಂತೇ ಇದ್ದಳಂತೆ,
ಬಸ್ಸು ಬರಲಿ ಬಿಡು ಎನ್ನುವ ಮುಖದಲ್ಲಿ.

ಆ ಕರೆಯನ್ನು ನಾನು ತಪ್ಪಿನ ಪಟ್ಟಿಗೆ ಸೇರಿಸಲಿಲ್ಲ.
ಹಳೆಯದನ್ನು ಅಳಿಸುವ ಅಧಿಕಾರ ನನಗಿಲ್ಲ,
ಕೇಳಿ ನೋಡಿದೆ.

ಗುರುವಾರ ಸಂಜೆ. ಹಬೆಯಂತ್ರಗಳು ಸದ್ದು ನಿಲ್ಲಿಸಿವೆ.
"ಅಪಾರ ಅನುಭವ" ಎಂದು ಹೊಡೆದು ಅಳಿಸಿದೆ.
"ಕಿರಿಯರಿಗೆ ಮಾರ್ಗದರ್ಶನ" ಅಳಿಸಿದೆ,
ಬೀಳ್ಕೊಡುಗೆಯ ಶಾಲಿನ ವಾಸನೆ ಬಂತು.
ಕೊನೆಗೆ ಒಂದು ಸಾಲು ಉಳಿಯಿತು:

ಲೆಕ್ಕ ಕೂಡದಿದ್ದರೆ ಫೋನು ಮಾಡುತ್ತಾಳೆ.

ಇನ್ನೂ ಇನ್ನೂರ ಅರವತ್ತು ಅಕ್ಷರಕ್ಕೆ ಜಾಗವಿದೆ
ಎನ್ನುತ್ತಿದೆ ಡಬ್ಬಿ.
ಇರಲಿ.