ಕೌದಿಯ ಮೂಲೆ

ಇವತ್ತು ಹೇಳಿಬಿಟ್ಟೆ ಗುರಲಿಂಗಾ, ನಿನ್ನ ಹೆಸರು.

ಕೌದಿ ಒಗೆದು ಕಟ್ಟೆಯ ಮೇಲೆ ಹರವಿದ್ದೆ.
ಅತ್ತೆಗೆ ಕಣ್ಣು ಮಂಜು, ಬೆರಳಿನಿಂದಲೇ
ಓದುತ್ತ ಹೋದರು ಸಾಲಿನ ಮೇಲೆ ಸಾಲು.
ಜೋಳದ ಕಾಳಿನಷ್ಟು ಟಾಕಿ, ಅಷ್ಟೇ ಬಿಡುವು,
ಮೂಲೆ ತಿರುಗುವಲ್ಲೂ ಉಸಿರು ತಪ್ಪಿಲ್ಲ.
'ನಿನ್ನ ಕೈ ಅಲ್ಲ ಬಿಡು ಇದು' ಅಂದರು.
'ನೀ ಗುಂಡಿ ಹಚ್ಚೂದು ನೋಡೀನಿ ನಾ.'

ಆಗ ನಿನಗೆ ಒಂಬತ್ತು.
ಸಂಖದ ಬಸ್ ಸ್ಟ್ಯಾಂಡಿನ ಎದುರು ಅಪ್ಪನ ಅಂಗಡಿ,
ಹಲಗೆಯ ಮೇಲೆ ಮರಾಠಿಯಲ್ಲಿ ಹೆಸರು,
ಒಳಗೆ ಕನ್ನಡದಲ್ಲಿ ಬೈಗುಳ.
ಮಷೀನಿನ ಕೆಳಗಿನ ಚಿಂದಿ ಆರಿಸಿ
ಚಡ್ಡಿಯ ಎರಡೂ ಕಿಸೆ ಉಬ್ಬಿಸಿಕೊಂಡು ಬರುತ್ತಿದ್ದೆ,
ಗೋಟಿ ಗೆದ್ದವರ ಹಾಗೆ.
ಆಯಿ ಎಲ್ಲ ಉಡಿಗೆ ಸುರಿದುಕೊಂಡು
ಯಾವ ಬಣ್ಣಕ್ಕೆ ಯಾವುದು ಬೀಗರಾದೀತು ನೋಡುವಳು.

ಸೂಜಿ ಕೊಟ್ಟದ್ದು ನನ್ನ ಕೈಗೆ.
ಮದುವೆಯ ಕೌದಿ ಮದುಮಗಳೇ ಹೊಲಿಯಬೇಕಂತೆ.
ನನ್ನ ಟಾಕಿಯೋ, ಅಣ್ಣತಮ್ಮರು ಜಗಳಾಡಿದ ಬದು.
ಒಂದು ರಾತ್ರಿ ಕರೆಂಟು ಹೋಗಿ ಬರುವಷ್ಟರಲ್ಲಿ
ನೀನು ಆ ತುದಿಯಿಂದ ಶುರುಮಾಡಿದ್ದೆ.
ಆಯಿ ಕಂಡಳು, ಮಾತಾಡಲಿಲ್ಲ,
ತನ್ನ ಹಿತ್ತಾಳೆಯ ಅಂಗುಸ್ತಾನ ನಿನ್ನತ್ತ ಉರುಳಿಸಿದಳು.
ನಿನ್ನ ಬೆರಳಿಗೆ ಅದು ಬಾವಿ.
ಒಳಗೆ ಅರಳೆ ತುರುಕಿ ಹಾಕಿಕೊಂಡೆ.

ಮಧ್ಯಾಹ್ನ ಬರುವವರು ಚಾಂದಬೀ, ತಾನೂಬಾಯಿ.
'ಗಂಡ ಹುಡುಗಾಗಿ ಸೂಜಿ ಹಿಡದೀಯಲ್ಲೋ,
ಬಳೀನೂ ತೊಡಸೂಣೇನು?'
ನೀನು ತಲೆಯೆತ್ತದೆ:
'ತೊಡಸ್ರಿ. ಗಾಜಿನವು ಬ್ಯಾಡ,
ದಾರಕ್ಕ ತೊಡಕತಾವು.'
ಅವರು ನಕ್ಕು ನಕ್ಕು, ಆಮೇಲೆ ಸುಮ್ಮನಾಗಿ
ನಿನ್ನ ಸಾಲಿಗೆ ಹತ್ತಿರ ಸರಿದು ಕೂತರು.

ಅಪ್ಪ ನಗಲಿಲ್ಲ.
ದಿನವಿಡೀ ಹೊಲಿಯುವವನೇ ಅವನೂ.
ಆದರೆ ಕಾಲಿಂದ ತುಳಿದರೆ ಗಂಡಸಿನ ಕಸುಬು,
ಕೂತು ಕೈಯಿಂದ ಮಾಡಿದರೆ ಹೆಂಗಸರದು.
ರೊಕ್ಕ ಬಂದರೆ ಅಂಗಿ, ಬರದಿದ್ದರೆ ಕೌದಿ.
ಸೂಜಿಯ ಡಬ್ಬಿ ಮಾಳಿಗೆಯಾಚೆ ಹಾರಿತು.
ನೀನು ಅಳಲಿಲ್ಲ.
ಎಂಟು ದಿನ ಹಿತ್ತಲಲ್ಲಿ ಕೂತು
ಎಕ್ಕಿಯ ಎಲೆಗೆ ಜಾಲಿ ಮುಳ್ಳಿನಿಂದ
ಸಾಲು ಚುಚ್ಚುತ್ತಿದ್ದೆ, ಕೈಗೆಲ್ಲ ಹಾಲು.
ಒಂಬತ್ತನೆಯ ದಿನ ಆಯಿ ಸೀರೆಯ ಸೆರಗಿನಿಂದ
ಒಂದು ಸೂಜಿ ಬಿಚ್ಚಿ ಕೊಟ್ಟಳು.
ಎಲ್ಲಿಂದ ತಂದಳೋ.

ಕೊನೆಯ ಮೂಲೆಗೆ ಹೋಳಿಗೆಯ ಚೂರು ಇಟ್ಟಳು:
'ಕೌದಿಯ ಹೊಟ್ಟಿ ಹಸದಿರಬಾರ್ದು.'
ಅದರ ಮೇಲೆ ನೀನು ಹಚ್ಚಿದ್ದು
ನಿನ್ನ ಹಳೆಯ ಶಾಲೆಯ ಚಡ್ಡಿಯ ಖಾಕಿ ತುಂಡು.

ಉಮದಿಯ ಬೀಗರು ಕೌದಿ ಬಿಡಿಸಿ ನೋಡಿ
'ಹುಡುಗಿ ಕೈ ಚೊಲೊ ಐತಿ' ಅಂದಾಗ
ನಾನು ತಲೆ ತಗ್ಗಿಸಿದೆ. ನಾಚಿಕೆ ಅಂದುಕೊಂಡರು.
ನೀನು ಎಲೆಅಡಿಕೆಯ ತಾಟು ಹಿಡಿದು ಬಾಗಿಲಲ್ಲಿದ್ದೆ.
ನನ್ನ ಮುಖ ನೋಡಲಿಲ್ಲ ನೀನು,
ಅವರು ಕೌದಿಯನ್ನು ಹೇಗೆ ಮಡಚುತ್ತಾರೆ,
ಅದನ್ನು ನೋಡುತ್ತಿದ್ದೆ.

ನಾಲ್ಕು ವರ್ಷ ಹೊದ್ದೆ ಆ ಸುಳ್ಳನ್ನು.
ಈಗ ಮಗಳು ಅದರ ಮೇಲೆ ಉಚ್ಚೆ ಹೊಯ್ಯುತ್ತಾಳೆ.

ಹೇಳಿದ ಮೇಲೆ ಅತ್ತೆಯ ಬೆರಳು
ಖಾಕಿಯ ಮೇಲೆ ಬಹಳ ಹೊತ್ತು ನಿಂತಿತ್ತು.
ಒಳಗೆ ಹೋಗಿ ಟ್ರಂಕು ತೆಗೆದರು,
ಮಾವನ ಎರಡು ರುಮಾಲು, ಒಂದು ಧೋತರ
ನನ್ನ ಪಕ್ಕ ಇಟ್ಟು ರೊಟ್ಟಿ ಬಡಿಯಲು ಹೋದರು.

ಸಂಜೆ ಫೋನು ಮಾಡಿದೆ.
ನಿನ್ನ ದನಿ ಒಡೆದಿದೆ, ಗುರುತೇ ಹತ್ತಲಿಲ್ಲ.
ಹಿಂದೆ ಮಷೀನಿನ ಸದ್ದು, ಅಪ್ಪ ನಿನ್ನನ್ನು ಕೂರಿಸಿದ್ದಾನೆ.
ಎಲ್ಲ ಹೇಳಿದೆ. ರುಮಾಲಿನ ಮಾತೂ.
ನೀನು ಕೇಳಿದ್ದು ಇಷ್ಟೇ:
'ಒಗದಾಗ ಆ ಕೆಂಪು ಬಣ್ಣ ಬಿಡ್ತೇನಕ್ಕಾ?'
'ಬಿಡ್ತು, ಬಾಜೂಕಿನ ಬಿಳೀದಕ್ಕ. ಸ್ವಲ್ಪ.'
'ಬಿಡ್ಲಿ' ಅಂದೆ.

ಮಷೀನು ನಿಂತಿತ್ತು.